ಉಷ್ಣಮಾಪಕ ಹಿಡಿದ ದೊರೆ

ಮಗುವಿನ ಮೈ ಬಿಸಿಯಾದರೆ ತಾಯಿ ಮೊದಲು ಹಣೆ ಮುಟ್ಟಿ ನೋಡುತ್ತಾಳೆ. ಆಮೇಲೆ ಥರ್ಮಾಮೀಟರ್ ಹುಡುಕುತ್ತಾಳೆ. ಹಣೆ ಮುಟ್ಟಿದ ಕೈ ‘ಬಿಸಿ ಇದೆ’ ಎಂದಷ್ಟೇ ಹೇಳಬಲ್ಲದು. ಎಷ್ಟು ಬಿಸಿ, ಬೆಳಿಗ್ಗೆಗಿಂತ ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಅಂಕಿ ಬೇಕು. ಬಿಸಿಗೂ ಒಂದು ಅಂಕಿ ಕೊಡಬಹುದು ಎಂಬುದು ಇಂದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ನಾಲ್ಕು ನೂರು ವರ್ಷಗಳ ಹಿಂದೆ ಅದು ಪಂಡಿತರಿಗೂ ಹೊಸ ಮಾತಾಗಿತ್ತು.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಗೆಲಿಲಿಯೊ ಹೆಸರಿನ ವಸ್ತುಸಂಗ್ರಹಾಲಯವಿದೆ. ಅಲ್ಲಿ ಗಾಜಿನ ಒಂದು ಪುಟ್ಟ ಕಪ್ಪೆಯನ್ನು ಇಟ್ಟಿದ್ದಾರೆ. ಅದು ಆಟಿಕೆಯಲ್ಲ, ಜ್ವರ ನೋಡುವ ಸಾಧನ. ಕಪ್ಪೆಯ ಹೊಟ್ಟೆಯಲ್ಲಿ ಮದ್ಯಸಾರ, ಅದರೊಳಗೆ ಸಣ್ಣ ಸಣ್ಣ ಗಾಜಿನ ಗುಂಡುಗಳು. ರೋಗಿಯ ಕೈಗೆ ಕಟ್ಟಿದರೆ ಮೈಶಾಖಕ್ಕೆ ಮದ್ಯಸಾರ ಹಿಗ್ಗಿ ಹಗುರವಾಗುತ್ತದೆ. ಆಗ ತೇಲುತ್ತಿದ್ದ ಗುಂಡುಗಳು ಒಂದೊಂದಾಗಿ ತಳಕ್ಕೆ ಇಳಿಯುತ್ತವೆ. ಎಷ್ಟು ಗುಂಡು ಇಳಿದವು ಎಂದು ಎಣಿಸಿದರೆ ಜ್ವರದ ಬಲ ತಿಳಿಯಿತು.

ಇಂಥ ಗಾಜಿನ ಸಾಧನಗಳನ್ನು ಮಾಡಿಸಿದ್ದು, ಕೆಲವನ್ನು ತಾನೇ ಯೋಚಿಸಿ ರೂಪಿಸಿದ್ದು ಒಬ್ಬ ದೊರೆ. ಅವನು ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಎರಡನೆಯ ಫರ್ಡಿನಾಂಡೊ ಡೆ ಮೆಡಿಚಿ. ಡ್ಯೂಕ್ ಎಂದರೆ ರಾಜನಿಗಿಂತ ಒಂದು ಮೆಟ್ಟಿಲು ಕೆಳಗಿನ ಆಳುವ ಪ್ರಭು. 1621ರಿಂದ 1670ರವರೆಗೆ, 49 ವರ್ಷಗಳ ಕಾಲ ಫ್ಲಾರೆನ್ಸ್‌ನ ಗದ್ದುಗೆಯ ಮೇಲಿದ್ದ ಈತನ ಹೆಸರು ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ. ಆದರೆ ವಿಜ್ಞಾನದ ಪಠ್ಯದಲ್ಲಿ ಬರುವ ಟಾರಿಸೆಲ್ಲಿ, ರೆಡಿ, ಸ್ಟೆನೊ ಮೂವರೂ ಇವನ ಆಶ್ರಯದಲ್ಲಿ ಬಾಳಿದವರು. ಗೆಲಿಲಿಯೊನನ್ನು ಧರ್ಮವಿಚಾರಣೆಗೆ ಒಪ್ಪಿಸಿದವನೂ ಇವನೇ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿದ್ದು ಹೇಗೆ ಎಂಬುದನ್ನು ಅರಿಯಲು ಅವನ ಬಾಲ್ಯದಿಂದಲೇ ತೊಡಗಬೇಕು.

ನಕ್ಷತ್ರಗಳ ವರ್ಷದಲ್ಲಿ ಹುಟ್ಟಿದ ಮಗು

ಫರ್ಡಿನಾಂಡೊ ಹುಟ್ಟಿದ್ದು 1610ರ ಜುಲೈ 14ರಂದು. ಅದೇ ವರ್ಷದ ಮಾರ್ಚ್‌ನಲ್ಲಿ ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಕಂಡದ್ದನ್ನೆಲ್ಲ ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದ್ದ. ಗುರುಗ್ರಹದ ಸುತ್ತ ನಾಲ್ಕು ಚಂದ್ರಗಳು ತಿರುಗುತ್ತಿವೆ ಎಂಬುದು ಅದರಲ್ಲಿದ್ದ ದೊಡ್ಡ ಸುದ್ದಿ. ಆ ನಾಲ್ಕಕ್ಕೂ ಅವನು ‘ಮೆಡಿಚಿ ನಕ್ಷತ್ರಗಳು’ ಎಂದು ಹೆಸರಿಟ್ಟ. ಆಗ ಆಳುತ್ತಿದ್ದ ಎರಡನೆಯ ಕಾಸಿಮೊ ಡೆ ಮೆಡಿಚಿಗೆ ಬಾಲ್ಯದಲ್ಲಿ ಬೇಸಿಗೆಯ ದಿನಗಳಲ್ಲಿ ಗಣಿತ ಹೇಳಿಕೊಟ್ಟವನು ಗೆಲಿಲಿಯೊ. ಕಾಸಿಮೊ ತನ್ನ ಗುರುವನ್ನು ಫ್ಲಾರೆನ್ಸ್‌ಗೆ ಕರೆಸಿಕೊಂಡು, ವರ್ಷಕ್ಕೆ 1,000 ಸ್ಕೂಡಿ ಸಂಬಳ ಗೊತ್ತುಮಾಡಿ, ‘ಆಸ್ಥಾನದ ಗಣಿತಜ್ಞ ಮತ್ತು ತತ್ತ್ವಜ್ಞಾನಿ’ ಎಂಬ ಪದವಿ ಕೊಟ್ಟ. ಆ ಕಾಸಿಮೊನ ಹಿರಿಯ ಮಗನೇ ಫರ್ಡಿನಾಂಡೊ.

ಕಾಸಿಮೊ ಕ್ಷಯರೋಗಿ. 1621ರಲ್ಲಿ ಅವನು ತೀರಿಕೊಂಡಾಗ ಮಗನಿಗೆ ಇನ್ನೂ ಹತ್ತು ವರ್ಷ. ಹುಡುಗನ ಹೆಸರಿನಲ್ಲಿ ಅಜ್ಜಿ ಕ್ರಿಸ್ಟಿನಾ ಮತ್ತು ತಾಯಿ ಮರಿಯಾ ಮದ್ದಲೇನಾ ರಾಜ್ಯಭಾರ ಹೊತ್ತರು. ಇಬ್ಬರೂ ಅಪಾರ ದೈವಭಕ್ತೆಯರು. ಅವರ ಕಾಲದಲ್ಲಿ ಆಸ್ಥಾನದಲ್ಲಿ ಪಾದ್ರಿಗಳ ಮಾತಿಗೆ ತೂಕ ಹೆಚ್ಚಾಯಿತು. ರೋಮಿನ ಪೋಪನನ್ನು ಎದುರು ಹಾಕಿಕೊಳ್ಳಬಾರದು ಎಂಬುದು ಹುಡುಗ ಕಲಿತ ಮೊದಲ ರಾಜನೀತಿ.

ಅದಕ್ಕೆ ತೆತ್ತ ಬೆಲೆಯನ್ನೂ ಅವನು ಬೇಗನೇ ನೋಡಿದ. ಪಕ್ಕದ ಉರ್ಬಿನೊ ಸಂಸ್ಥಾನದ ಮುದಿ ಡ್ಯೂಕನಿಗೆ ಗಂಡು ಸಂತಾನ ಉಳಿದಿರಲಿಲ್ಲ. ಇದ್ದವಳು ಮೊಮ್ಮಗಳು ವಿಟ್ಟೋರಿಯಾ ಒಬ್ಬಳೇ. ಅವಳು ಫರ್ಡಿನಾಂಡೊನ ಸೋದರತ್ತೆಯ ಮಗಳು. 1623ರಲ್ಲಿ, ಹುಡುಗನಿಗೆ ಹದಿಮೂರು, ಹುಡುಗಿಗೆ ಒಂದು ತುಂಬಿದಾಗ, ಹಿರಿಯರು ಸಂಬಂಧ ಗೊತ್ತುಮಾಡಿದರು. ಹೆಣ್ಣಿನ ಜೊತೆಗೆ ಸಂಸ್ಥಾನವೂ ಬರುತ್ತದೆ ಎಂಬ ಆಸೆ ಇತ್ತು. ಆದರೆ 1631ರಲ್ಲಿ ಮುದುಕ ತೀರಿಕೊಂಡಾಗ ಉರ್ಬಿನೊ ಪೋಪನ ಪಾಲಾಯಿತು. ಮೆಡಿಚಿಗಳು ಎದುರಾಡಲಿಲ್ಲ. ವಿಟ್ಟೋರಿಯಾಳ ಜೊತೆ ಬಂದದ್ದು ಮನೆಯ ಸ್ವಂತ ಆಸ್ತಿ ಮಾತ್ರ. ಆ ಆಸ್ತಿಯಲ್ಲಿ ಟೀಷಿಯನ್, ರಫಾಯೆಲ್, ಪಿಯೆರೊ ಡೆಲ್ಲಾ ಫ್ರಾನ್ಸೆಸ್ಕಾ ಬರೆದ ಚಿತ್ರಗಳಿದ್ದವು. ಇಂದು ಫ್ಲಾರೆನ್ಸ್‌ಗೆ ಪ್ರವಾಸಿಗರನ್ನು ಸೆಳೆಯುವ ಚಿತ್ರಗಳಲ್ಲಿ ಅವೂ ಸೇರಿವೆ.

ಊರು ಬಿಡದ ದೊರೆ

1628ರಲ್ಲಿ, ಹದಿನೆಂಟು ತುಂಬಿದಾಗ, ಫರ್ಡಿನಾಂಡೊ ಅಧಿಕಾರ ವಹಿಸಿಕೊಂಡ. ಎರಡು ವರ್ಷ ಕಳೆಯುವಷ್ಟರಲ್ಲಿ ಉತ್ತರ ಇಟಲಿಯಿಂದ ಪ್ಲೇಗು ಇಳಿದು ಬಂತು. ಮಿಲಾನ್ ನಗರದಲ್ಲಿ ಜನಸಂಖ್ಯೆಯ ಅರ್ಧದಷ್ಟು ಮಂದಿ, ವೆನಿಸ್‌ನಲ್ಲಿ ಮೂರರಲ್ಲಿ ಒಂದು ಪಾಲು ಮಂದಿ ಸತ್ತರು.

ಉಳ್ಳವರು ಹಳ್ಳಿಯ ಬಂಗಲೆಗಳಿಗೆ ಓಡಿಹೋಗುವುದು ಆ ಕಾಲದ ರೂಢಿ. ಫರ್ಡಿನಾಂಡೊ ಊರು ಬಿಡಲಿಲ್ಲ. ತಮ್ಮಂದಿರೊಡನೆ ನಗರದಲ್ಲೇ ನಿಂತು, ಬೀದಿಗಳಲ್ಲಿ ಓಡಾಡಿ ಜನರಿಗೆ ಧೈರ್ಯ ಹೇಳಿದ. ಆರೋಗ್ಯ ಮಂಡಳಿಗೆ ಕೈತುಂಬ ಅಧಿಕಾರ ಕೊಟ್ಟ. 1631ರ ಜನವರಿಯಲ್ಲಿ ಮಂಡಳಿ ಇಡೀ ಊರಿಗೆ ನಲವತ್ತು ದಿನಗಳ ದಿಗ್ಬಂಧನ ವಿಧಿಸಿತು. ಜನ ಮನೆಬಾಗಿಲು ದಾಟುವಂತಿರಲಿಲ್ಲ.

ಬಾಗಿಲು ಮುಚ್ಚಿಸುವುದು ಸುಲಭ, ಒಳಗಿದ್ದವರ ಹೊಟ್ಟೆ ತುಂಬಿಸುವುದು ಕಷ್ಟ. ದಿನಗೂಲಿಯವನು ಮನೆಯಲ್ಲಿ ಕೂತರೆ ಉಣ್ಣುವುದೇನನ್ನು? ಫ್ಲಾರೆನ್ಸ್ ಅದಕ್ಕೂ ಉತ್ತರ ಕಂಡುಕೊಂಡಿತು. ಆರೋಗ್ಯ ಮಂಡಳಿಯೇ ಬಡವರ ಮನೆ ಬಾಗಿಲಿಗೆ ಊಟದ ಸಾಮಗ್ರಿ ಕಳಿಸಿತು. ತಲೆಗೆ ದಿನಕ್ಕೆ ಎರಡು ರೊಟ್ಟಿ, ಅಳತೆಯ ವೈನ್. ವಾರದಲ್ಲಿ ಮೂರು ದಿನ ಮಾಂಸ, ಉಳಿದ ದಿನಗಳಲ್ಲಿ ಅಕ್ಕಿ, ಗಿಣ್ಣು, ಸೊಪ್ಪು. ಮಲಗಲು ಹಾಸಿಗೆ ಇಲ್ಲದವರಿಗೆ ಹಾಸಿಗೆಯನ್ನೂ ಕೊಟ್ಟರು. ನಿಯಮ ಮೀರಿದವರನ್ನು ಬಿಡಲೂ ಇಲ್ಲ. ಕೆಳಮನೆಯ ಗೆಳತಿಯರ ಜೊತೆ ಕುಣಿದರೆಂದು ಅಕ್ಕತಂಗಿಯರಿಬ್ಬರ ಮೇಲೆ ಮೊಕದ್ದಮೆ ಹೂಡಿದ ದಾಖಲೆ ಇಂದಿಗೂ ಉಳಿದಿದೆ.

ಫ್ಲಾರೆನ್ಸ್‌ನಲ್ಲಿ ಸತ್ತವರು ಶೇಕಡಾ 12ರಷ್ಟು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅದು ಸಣ್ಣ ಸಂಖ್ಯೆಯಲ್ಲ. ಆದರೆ ಮಿಲಾನ್, ವೆನಿಸ್‌ಗಳ ಪಕ್ಕದಲ್ಲಿಟ್ಟು ನೋಡಿದರೆ ಇಪ್ಪತ್ತರ ಹರೆಯದ ದೊರೆ ಪರೀಕ್ಷೆಯಲ್ಲಿ ಗೆದ್ದ ಎಂದೇ ಹೇಳಬೇಕು. ಮುಂದಿನ ಪರೀಕ್ಷೆ ಬೇರೆ ಬಗೆಯದು.

ಪಲ್ಲಕ್ಕಿ ಕೊಟ್ಟ, ಆಸರೆ ಕೊಡಲಿಲ್ಲ

1632ರ ಫೆಬ್ರವರಿಯಲ್ಲಿ ಗೆಲಿಲಿಯೊನ ‘ಎರಡು ವಿಶ್ವವ್ಯವಸ್ಥೆಗಳ ಸಂವಾದ’ ಫ್ಲಾರೆನ್ಸ್‌ನಲ್ಲಿ ಅಚ್ಚಾಯಿತು. ಭೂಮಿ ಸುತ್ತುತ್ತದೆಯೇ, ಸೂರ್ಯ ಸುತ್ತುತ್ತಾನೆಯೇ ಎಂದು ಮೂವರು ಕೂತು ವಾದಿಸುವ ಪುಸ್ತಕ ಅದು. ಓದಿ ಮುಗಿಸಿದವನಿಗೆ ಭೂಮಿಯೇ ಸುತ್ತುತ್ತದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಪುಸ್ತಕವನ್ನು ಅರ್ಪಿಸಿದ್ದು ಫರ್ಡಿನಾಂಡೊನಿಗೆ.

ಪೋಪ್ ಎಂಟನೆಯ ಅರ್ಬನ್ ಕೆರಳಿದ. ರೋಮಿಗೆ ಬಂದು ಧರ್ಮನ್ಯಾಯಾಲಯದ ಮುಂದೆ ನಿಲ್ಲಬೇಕೆಂದು ಅಕ್ಟೋಬರಿನಲ್ಲಿ ಗೆಲಿಲಿಯೊಗೆ ಕರೆ ಬಂತು. ಅವನಿಗೆ ಆಗ 68 ವರ್ಷ, ಕಾಯಿಲೆ ಬೇರೆ. ಫರ್ಡಿನಾಂಡೊ ಸುಮ್ಮನೆ ಕೂರಲಿಲ್ಲ ಎಂಬುದನ್ನು ಹೇಳಲೇಬೇಕು. ರೋಮಿನಲ್ಲಿದ್ದ ತನ್ನ ರಾಯಭಾರಿ ಫ್ರಾನ್ಸೆಸ್ಕೊ ನಿಕೊಲಿನಿಯ ಮೂಲಕ ಪ್ರತಿಭಟಿಸಿದ, ವಿನಂತಿಸಿದ, ಗಡುವು ಮುಂದೂಡಿಸಲು ನೋಡಿದ. ನಿಕೊಲಿನಿ ವಿಷಯ ಎತ್ತಿದಾಗಲೆಲ್ಲ ಪೋಪ್ ಸಿಡಿಮಿಡಿಗೊಂಡ.

ಕೊನೆಗೆ 1633ರ ಜನವರಿಯಲ್ಲಿ ಅರಮನೆಯಿಂದ ಗೆಲಿಲಿಯೊಗೆ ಉತ್ತರ ಹೋಯಿತು: ದೊಡ್ಡವರ ಆಜ್ಞೆಗೆ ತಲೆಬಾಗುವುದೇ ಸರಿ. ಪ್ರಯಾಣಕ್ಕೆ ದೊರೆಯ ಪಲ್ಲಕ್ಕಿ ಸಿಗುತ್ತದೆ, ತಂಗಲು ರಾಯಭಾರಿಯ ಮನೆ ಸಿಗುತ್ತದೆ. ಮುದುಕ ಚಳಿಯಲ್ಲಿ ಹೊರಟ. ಪ್ಲೇಗಿನ ಭಯದಿಂದ ಗಡಿಯಲ್ಲಿ ತಡೆದು ಇರಿಸಿಕೊಂಡದ್ದೂ ಸೇರಿ, ರೋಮ್ ತಲಪುವಾಗ ಫೆಬ್ರವರಿ 13 ಆಗಿತ್ತು.

ವಿಚಾರಣೆ ತಿಂಗಳುಗಟ್ಟಲೆ ಎಳೆಯಿತು. ಆಗ ನಡೆದ ಒಂದು ಸಣ್ಣ ಸಂಗತಿ ದೊರೆಗೆ ಶೋಭೆ ತರುವಂಥದಲ್ಲ. ಗೆಲಿಲಿಯೊನ ಊಟ-ವಸತಿಯ ಖರ್ಚನ್ನು ಮೊದಲ ತಿಂಗಳಿಗಷ್ಟೇ ಅರಮನೆ ಕೊಡುತ್ತದೆ ಎಂದು ಫ್ಲಾರೆನ್ಸ್‌ನಿಂದ ನಿಕೊಲಿನಿಗೆ ಪತ್ರ ಬಂತು. ಮನೆಗೆ ಬಂದ ಅತಿಥಿಯ ಮುಂದೆ ಇಂಥ ಮಾತೆತ್ತುವುದಿಲ್ಲ, ಬೇಕಾದರೆ ಆ ಹೊರೆಯನ್ನು ತಾನೇ ಹೊರುತ್ತೇನೆ ಎಂದು ರಾಯಭಾರಿ ಮಾರೋಲೆ ಬರೆದ. ಆಳಿಗಿದ್ದ ಘನತೆ ಆ ಹೊತ್ತಿನಲ್ಲಿ ಅರಸನಿಗೆ ಇರಲಿಲ್ಲ.

1633ರ ಜೂನ್ 22ರಂದು ಗೆಲಿಲಿಯೊ ಮೊಣಕಾಲೂರಿ, ಭೂಮಿ ಚಲಿಸುತ್ತದೆ ಎಂಬ ಮಾತನ್ನು ಹಿಂತೆಗೆದುಕೊಂಡ. ಪುಸ್ತಕಕ್ಕೆ ನಿಷೇಧ, ಬರೆದವನಿಗೆ ಜೀವನಪರ್ಯಂತ ಬಂಧನ. ಆರು ತಿಂಗಳ ಬಳಿಕ ಫ್ಲಾರೆನ್ಸ್ ಹೊರವಲಯದ ಆರ್ಚೆಟ್ರಿಯ ತನ್ನ ಮನೆಯಲ್ಲೇ ಬಂಧನದಲ್ಲಿರಲು ಅವನಿಗೆ ಅಪ್ಪಣೆ ಸಿಕ್ಕಿತು. ಫರ್ಡಿನಾಂಡೊ ಖುದ್ದಾಗಿ ಅಲ್ಲಿಗೆ ಹೋಗಿ ಅವನನ್ನು ಕಂಡ. ವಿನ್ಸೆಂಜೊ ವಿವಿಯಾನಿ ಎಂಬ ಹದಿನೇಳರ ಚುರುಕು ಹುಡುಗನನ್ನು 1639ರಲ್ಲಿ ಅವನ ಬಳಿಗೆ ಕಳಿಸಿದ. ಅಷ್ಟರಲ್ಲಿ ಕಣ್ಣು ಕಳೆದುಕೊಂಡಿದ್ದ ಮುದುಕನಿಗೆ ಆ ಹುಡುಗ ಓದುವ ಕಣ್ಣೂ ಬರೆಯುವ ಕೈಯೂ ಆದ.

ಹೀಗೆ ಮರೆಯಲ್ಲಿ ಮಾಡಬಹುದಾದ ಉಪಕಾರವನ್ನೆಲ್ಲ ಫರ್ಡಿನಾಂಡೊ ಮಾಡಿದ. ಬಹಿರಂಗವಾಗಿ ಎದ್ದು ನಿಲ್ಲಬೇಕಾದಾಗ ಹಿಂದೆ ಸರಿದ. ಅವನ ಆಳ್ವಿಕೆಯುದ್ದಕ್ಕೂ ಕಾಣುವ ಗುಣ ಇದು.

ಸಮಾಧಿಗೂ ತಡೆ

1642ರ ಜನವರಿ 8ರಂದು ಗೆಲಿಲಿಯೊ ತೀರಿಕೊಂಡ. ಮೈಕೆಲೆಂಜೆಲೊ ಮಲಗಿರುವ ಸಾಂತಾ ಕ್ರೋಚೆ ಚರ್ಚಿನಲ್ಲಿ ಅವನಿಗೆ ಅಮೃತಶಿಲೆಯ ಸಮಾಧಿ ಕಟ್ಟಿಸಬೇಕೆಂದು ದೊರೆ ಬಯಸಿದ. ಧರ್ಮನ್ಯಾಯಾಲಯದ ಶಿಕ್ಷೆಗೆ ಒಳಗಾದವನಿಗೆ ಅಂಥ ಗೌರವ ಸಲ್ಲದು ಎಂದು ರೋಮ್ ತಿಳಿಸಿತು. ದೊರೆ ಮತ್ತೆ ತಲೆಬಾಗಿದ. ಹೊಸದಾಗಿ ದೀಕ್ಷೆಗೆ ಬರುವವರ ಪ್ರಾರ್ಥನಾ ಮಂದಿರದ ಪಕ್ಕದ ಪುಟ್ಟ ಕೋಣೆಯೊಂದರಲ್ಲಿ, ಸದ್ದಿಲ್ಲದೆ, ಗೆಲಿಲಿಯೊನನ್ನು ಮಣ್ಣುಮಾಡಿದರು.

ಅದೇ ವರ್ಷ ಫರ್ಡಿನಾಂಡೊ ಅದೇ ಪೋಪನ ವಿರುದ್ಧ ಕತ್ತಿ ಹಿಡಿದ ಎಂದರೆ ಆಶ್ಚರ್ಯವಾಗಬಹುದು. ಪಾರ್ಮಾದ ಡ್ಯೂಕ್ ಒಡೊಆರ್ಡೊ ಫರ್ನೇಸೆ ಅವನ ತಂಗಿಯ ಗಂಡ. ಫರ್ನೇಸೆಗೆ ಸೇರಿದ ಕಾಸ್ಟ್ರೊ ಎಂಬ ಸೀಮೆಯನ್ನು ಪೋಪ್ ಕಸಿದುಕೊಂಡಿದ್ದ. ಅದನ್ನು ಬಿಡಿಸಲು ಟಸ್ಕನಿ, ವೆನಿಸ್, ಮೊಡೆನಾ ಒಂದಾದವು. ಟಸ್ಕನಿಯ ಸೈನ್ಯ ಒಂದು ಕಾಳಗ ಗೆದ್ದಿತು. 1644ರಲ್ಲಿ ಸಂಧಿಯಾಗಿ ಕಾಸ್ಟ್ರೊ ಫರ್ನೇಸೆಯ ಕೈಗೆ ಮರಳಿತು. ಆದರೆ ಫರ್ಡಿನಾಂಡೊನ ಖಜಾನೆ ಬರಿದಾಯಿತು.

ಬೀಗರ ಜಮೀನಿಗಾಗಿ ಯುದ್ಧ ಮಾಡಿದವನು ತಂದೆಯ ಗುರುವಿಗಾಗಿ ಒಂದು ಕಲ್ಲನ್ನೂ ನಿಲ್ಲಿಸಲಾರದೆ ಹೋದನೇ ಎಂದು ಕೇಳುವುದು ಸಹಜ. 1633ರಲ್ಲಿ ಅವನಿಗಿನ್ನೂ ಇಪ್ಪತ್ತಮೂರು ತುಂಬಿರಲಿಲ್ಲ, ಜೊತೆಗೆ ನಿಲ್ಲುವವರೂ ಇರಲಿಲ್ಲ. 1642ರಲ್ಲಿ ಮಗ್ಗುಲಲ್ಲಿ ವೆನಿಸ್ ಇತ್ತು. ಜಮೀನಿನ ಜಗಳ ರಾಜರಾಜರ ನಡುವಿನ ವ್ಯವಹಾರ, ಭೂಮಿ ಸುತ್ತುವ ಮಾತು ಧರ್ಮದ ಪ್ರಶ್ನೆ. ಇವೆಲ್ಲ ಕಾರಣಗಳು ನಿಜವೇ. ಆದರೂ ಪ್ರಶ್ನೆ ಉಳಿದೇ ಇರುತ್ತದೆ.

ಗಾಜಿನಲ್ಲಿ ಅಳೆದ ಲೋಕ

ಗೆಲಿಲಿಯೊ ಸತ್ತ ಮೇಲೆ ಅವನ ಜಾಗಕ್ಕೆ ದೊರೆ ಎವಾಂಜೆಲಿಸ್ಟಾ ಟಾರಿಸೆಲ್ಲಿಯನ್ನು ನೇಮಿಸಿದ. ಪದವಿ ‘ಗಣಿತಜ್ಞ’ ಎಂದಷ್ಟೇ ಆಯಿತು, ‘ತತ್ತ್ವಜ್ಞಾನಿ’ ಎಂಬ ಮಾತು ಬಿಟ್ಟುಹೋಯಿತು. ಲೆಕ್ಕ ಮಾಡಬಹುದು, ಅಳೆಯಬಹುದು, ವಿಶ್ವ ಹೀಗಿದೆ ಎಂದು ಹೇಳಹೋಗಬಾರದು ಎಂಬ ಸೂಚನೆಯೋ ಏನೋ. ಟಾರಿಸೆಲ್ಲಿ ಪಾದರಸದ ಕೊಳವೆಯಿಂದ ಗಾಳಿಗೂ ತೂಕವಿದೆ ಎಂದು ತೋರಿಸಿಕೊಟ್ಟ. ಅದೇ ಇಂದಿನ ವಾಯುಭಾರಮಾಪಕದ ಮೂಲ.

ಫರ್ಡಿನಾಂಡೊನ ಸ್ವಂತ ಆಸಕ್ತಿ ಶಾಖದ ಮೇಲೆ. ಗೆಲಿಲಿಯೊನ ಕಾಲದ ಸಾಧನದಲ್ಲಿ ಕೊಳವೆಯ ಬಾಯಿ ತೆರೆದಿರುತ್ತಿತ್ತು. ಹಾಗಾಗಿ ಗಾಳಿಯ ಒತ್ತಡ ಬದಲಾದರೂ ದ್ರವ ಏರಿಳಿಯುತ್ತಿತ್ತು. ಬಿಸಿ ಹೆಚ್ಚಿತೋ, ಗಾಳಿಯ ಒತ್ತಡ ಬದಲಾಯಿತೋ ತಿಳಿಯುತ್ತಿರಲಿಲ್ಲ. ಬುರುಡೆಯಲ್ಲಿ ಮದ್ಯಸಾರ ತುಂಬಿ, ಕೊಳವೆಯ ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದ್ದು ಫರ್ಡಿನಾಂಡೊನ ಆಸ್ಥಾನದಲ್ಲಿ. 1650ರ ದಶಕದ ಹೊತ್ತಿಗೆ ಈ ಮುಚ್ಚಿದ ಉಷ್ಣಮಾಪಕ ಸಿದ್ಧವಾಗಿತ್ತು. ಇದರ ಶ್ರೇಯಸ್ಸನ್ನು ಇತಿಹಾಸಕಾರರು ಸಾಮಾನ್ಯವಾಗಿ ದೊರೆಗೇ ಕೊಡುತ್ತಾರೆ.

ಕೊಳವೆಯ ಮೇಲೆ ಗಾಜಿನ ಸಣ್ಣ ಚುಕ್ಕೆಗಳನ್ನು ಅಂಟಿಸಿ ಡಿಗ್ರಿ ಗುರುತು ಮಾಡುತ್ತಿದ್ದರು. 50 ಡಿಗ್ರಿಯ ಕೊಳವೆ ಹೆಚ್ಚು ಬಳಕೆಯಲ್ಲಿತ್ತು. ಅದರಲ್ಲಿ ಮಂಜು ಕರಗುವಾಗ ದ್ರವ ಹದಿಮೂರೂವರೆಗೆ ನಿಲ್ಲುತ್ತಿತ್ತು. ಆ ಗಾಜಿನ ಕೆಲಸದವರ ಕೈಚಳಕ ಎಂಥದೆಂದರೆ, 1829ರಲ್ಲಿ ಹಳೆಯ ಕೊಳವೆಗಳು ಸಿಕ್ಕಾಗ ಮತ್ತೆ ಪರೀಕ್ಷಿಸಿ ನೋಡಿದರು. ಕರಗುವ ಮಂಜಿನಲ್ಲಿ ದ್ರವ ನಿಂತದ್ದು ಅದೇ ಹದಿಮೂರೂವರೆಯ ಗುರುತಿನಲ್ಲಿ.

ಗಾಳಿಯ ತೇವ ಅಳೆಯಲು ದೊರೆ ಯೋಚಿಸಿದ ಉಪಾಯ ಇನ್ನೂ ಸರಳ. ಗಾಜಿನ ಶಂಕುವಿನೊಳಗೆ ಮಂಜುಗಡ್ಡೆ ತುಂಬಬೇಕು. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಶಂಕುವಿನ ಮೇಲೆ ಹನಿ ಕಟ್ಟಿ, ತುದಿಯಿಂದ ಕೆಳಗಿನ ಅಳತೆಯ ಪಾತ್ರೆಗೆ ತೊಟ್ಟಿಕ್ಕುತ್ತದೆ. ಇಷ್ಟು ಹೊತ್ತಿನಲ್ಲಿ ಎಷ್ಟು ನೀರು ಸೇರಿತು ಎಂದು ನೋಡಿದರಾಯಿತು. ಅರಮನೆಯ ತೋಟದಲ್ಲಿ ಈಜಿಪ್ಟಿನವರ ಹಾಗೆ ಒಲೆಯ ಶಾಖದಿಂದ ಮೊಟ್ಟೆ ಮರಿಮಾಡಿಸುವ ಪ್ರಯೋಗವನ್ನೂ ನಡೆಸಿದ. ಕಾವು ಸಮನಾಗಿರಿಸಲು ಅಲ್ಲೂ ಉಷ್ಣಮಾಪಕ.

ಇವೆಲ್ಲಕ್ಕಿಂತ ದೊಡ್ಡದು 1654ರಲ್ಲಿ ಅವನು ಆರಂಭಿಸಿದ ಹವಾಮಾನ ವೀಕ್ಷಣಾ ಜಾಲ. ಒಂದೇ ಬಗೆಯ ಉಷ್ಣಮಾಪಕಗಳನ್ನು ಮಾಡಿಸಿ ಫ್ಲಾರೆನ್ಸ್, ವಲ್ಲೊಂಬ್ರೊಸಾ, ಬೊಲೊನ್ಯಾ, ಪಾರ್ಮಾ, ಮಿಲಾನ್‌ಗಳಿಗಷ್ಟೇ ಅಲ್ಲ, ಇನ್ಸ್‌ಬ್ರುಕ್, ಪ್ಯಾರಿಸ್, ವಾರ್ಸಾಗಳಿಗೂ ಕಳಿಸಿದ. ಎಲ್ಲ ಕಡೆಯೂ ದಿನಕ್ಕೆ ಹಲವು ಬಾರಿ ಅಳತೆ ನೋಡಿ ಬರೆದಿಡಬೇಕು. ಈ ಕೆಲಸ ನೋಡಿಕೊಂಡವನು ಲುಯಿಜಿ ಆಂಟಿನೊರಿ ಎಂಬ ಜೆಸ್ಯುಯಿಟ್ ಪಾದ್ರಿ. ವಲ್ಲೊಂಬ್ರೊಸಾದಲ್ಲಿ ಅಳತೆ ಬರೆದವರು ಮಠದ ಸನ್ಯಾಸಿಗಳು. ಆಕಾಶದ ಬಗ್ಗೆ ಮಾತಾಡಿದ ಗೆಲಿಲಿಯೊನನ್ನು ಚರ್ಚು ಸುಮ್ಮನಾಗಿಸಿದರೆ, ಗಾಳಿಯ ಬಿಸಿ ಅಳೆಯಲು ಚರ್ಚಿನವರೇ ಕೈಜೋಡಿಸಿದರು. ಫ್ಲಾರೆನ್ಸ್ ಮತ್ತು ವಲ್ಲೊಂಬ್ರೊಸಾದ ದಾಖಲೆ 1670ರವರೆಗೆ ನಡೆದು ಬಂತು. ಹಿಂದಿನ ಶತಮಾನಗಳ ಹವೆ ಹೇಗಿತ್ತು ಎಂದು ಅಧ್ಯಯನ ಮಾಡುವ ಈ ಕಾಲದ ವಿಜ್ಞಾನಿಗಳಿಗೆ ಅದು ಬಂಗಾರದ ಗಣಿ.

ಮತ್ತೆ ಮತ್ತೆ ಪರೀಕ್ಷಿಸಿ ನೋಡಿ

ದೊರೆಯ ತಮ್ಮ ಲಿಯೊಪೊಲ್ಡೊಗೂ ಅಣ್ಣನಂತೆಯೇ ವಿಜ್ಞಾನದ ಹುಚ್ಚು. ಇಬ್ಬರೂ ಸೇರಿ 1657ರಲ್ಲಿ ‘ಅಕಾಡೆಮಿಯಾ ಡೆಲ್ ಚಿಮೆಂಟೊ’ ಎಂಬ ಕೂಟ ನಡೆಸತೊಡಗಿದರು. ಹೆಸರಿನ ಅರ್ಥ ಪ್ರಯೋಗಗಳ ಅಕಾಡೆಮಿ. ಲಂಡನ್ನಿನ ರಾಯಲ್ ಸೊಸೈಟಿಗಿಂತ ಮೂರು ವರ್ಷ ಹಿರಿದು. ವಿವಿಯಾನಿ, ಬೊರೆಲ್ಲಿ, ರೆಡಿ ಮೊದಲಾದವರು ಅದರಲ್ಲಿದ್ದರು. ನಿಯಮಾವಳಿ ಇಲ್ಲ, ಸದಸ್ಯರ ಪಟ್ಟಿ ಇಲ್ಲ. ರಾಜಕುಮಾರ ಕರೆದಾಗ ಸೇರುವುದು, ಪ್ರಯೋಗ ಮಾಡುವುದು. ಪರೀಕ್ಷಿಸಿ, ಮತ್ತೆ ಪರೀಕ್ಷಿಸಿ ನೋಡು ಎಂಬುದೇ ಅವರ ಧ್ಯೇಯವಾಕ್ಯದ ತಾತ್ಪರ್ಯ.

ಒಮ್ಮೆ 500 ಪೌಂಡ್ ಮಂಜುಗಡ್ಡೆಯ ಎದುರು ನಿಮ್ನ ಕನ್ನಡಿಯನ್ನಿಟ್ಟು, ಕನ್ನಡಿಯ ಮುಂದೆ ಉಷ್ಣಮಾಪಕ ಹಿಡಿದರು. ದ್ರವ ಇಳಿಯಿತು. ಬೆಳಕಿನಂತೆ ತಂಪೂ ಪ್ರತಿಫಲಿಸುತ್ತದೆ ಎಂದು ಕುಣಿದಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಂಜುಗಡ್ಡೆಯ ತಂಪು ನೇರವಾಗಿಯೇ ತಾಗಿರಬಹುದಲ್ಲ ಎಂದು ಕನ್ನಡಿಗೆ ಮುಸುಕು ಹಾಕಿ ನೋಡಿದರು. ದ್ರವ ಮೇಲೇರಿತು. ಅಷ್ಟಾದರೂ ‘ಇದೇ ಕಾರಣ’ ಎಂದು ಖಡಾಖಂಡಿತವಾಗಿ ಬರೆಯಲಿಲ್ಲ. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಮೊದಲೇ ಉತ್ತರ ಬರೆದಿಟ್ಟು ಆಮೇಲೆ ಅಳತೆ ಹೊಂದಿಸುವ ವಿದ್ಯಾರ್ಥಿಗಳು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು.

ಇನ್ನೊಂದು ಪ್ರಸಂಗ ಶನಿಗ್ರಹದ್ದು. ಶನಿಯ ಸುತ್ತ ಉಂಗುರವಿದೆ ಎಂದು ಹಾಲೆಂಡಿನ ಹೈಗನ್ಸ್ 1659ರಲ್ಲಿ ಪುಸ್ತಕ ಬರೆದು ಲಿಯೊಪೊಲ್ಡೊಗೆ ಅರ್ಪಿಸಿದ. ಅದು ನಿಜವೇ ಎಂದು ನೋಡಲು 1660ರಲ್ಲಿ ಅಕಾಡೆಮಿಯವರು ಉಂಗುರವಿರುವ ಒಂದು ಮಾದರಿ ಮಾಡಿ ದೂರದಲ್ಲಿಟ್ಟು ದೂರದರ್ಶಕದಿಂದ ನೋಡಿದರು. ತಮಗೆ ವಿಷಯ ಮೊದಲೇ ಗೊತ್ತಿರುವುದರಿಂದ ಕಣ್ಣು ಮೋಸ ಮಾಡಬಹುದು ಎಂದು, ಏನೂ ತಿಳಿಯದ ಸಾಮಾನ್ಯ ಜನರನ್ನು ಕರೆಸಿ, ಕಂಡದ್ದನ್ನು ಬರೆದು ತೋರಿಸಲು ಹೇಳಿದರು. ಹೈಗನ್ಸ್ ಹೇಳಿದ್ದಕ್ಕೆ ಬಲ ಬಂತು.

ಇಷ್ಟು ಸೊಗಸಾದ ಪ್ರಯೋಗ ಅಕಾಡೆಮಿಯ ಪುಸ್ತಕದಲ್ಲಿ ಇಲ್ಲ. 1667ರಲ್ಲಿ ಹೊರಬಂದ, ಫರ್ಡಿನಾಂಡೊನಿಗೆ ಅರ್ಪಿತವಾದ ಆ ಗ್ರಂಥದಲ್ಲಿ ಉಷ್ಣಮಾಪಕವಿದೆ, ಮಂಜುಗಡ್ಡೆಯಿದೆ, ಶಬ್ದದ ವೇಗವಿದೆ. ಗ್ರಹಗಳಿಲ್ಲ. ಪ್ರಯೋಗ ಮಾಡಿದ ವಿದ್ವಾಂಸರಲ್ಲಿ ಯಾರು ಯಾವುದನ್ನು ಮಾಡಿದರೆಂಬುದೂ ಇಲ್ಲ. ಅದೇ ವರ್ಷ ಲಿಯೊಪೊಲ್ಡೊ ಕಾರ್ಡಿನಲ್ ಆದ. ಅಕಾಡೆಮಿ ಅಲ್ಲಿಗೆ ನಿಂತುಹೋಯಿತು.

ಆದರೂ ಆಸ್ಥಾನದ ವಿದ್ವಾಂಸರ ಕೆಲಸ ನಿಲ್ಲಲಿಲ್ಲ. 1666ರಲ್ಲಿ ಲಿವೊರ್ನೊ ಬಳಿ ಬೆಸ್ತರು ಹಿಡಿದ ದೊಡ್ಡ ಶಾರ್ಕ್ ಮೀನಿನ ತಲೆಯನ್ನು ಪರೀಕ್ಷಿಸುವಂತೆ ದೊರೆ ಡೆನ್ಮಾರ್ಕಿನಿಂದ ಬಂದಿದ್ದ ನೀಲ್ಸ್ ಸ್ಟೆನೊಗೆ ಒಪ್ಪಿಸಿದ. ಅದರ ಹಲ್ಲುಗಳು, ಬೆಟ್ಟದ ಕಲ್ಲುಗಳಲ್ಲಿ ಸಿಗುತ್ತಿದ್ದ ‘ನಾಲಿಗೆ ಕಲ್ಲು’ಗಳ ಹಾಗೆಯೇ ಇದ್ದವು. ಕಲ್ಲಿನಲ್ಲಿರುವುದು ಎಂದೋ ಸತ್ತ ಶಾರ್ಕಿನ ಹಲ್ಲು, ಬೆಟ್ಟ ಒಂದು ಕಾಲಕ್ಕೆ ಕಡಲ ತಳವಾಗಿತ್ತು ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಭೂವಿಜ್ಞಾನದ ಮೊದಲ ಪಾಠವನ್ನು ಸ್ಟೆನೊ 1669ರಲ್ಲಿ ಬರೆದು ಫರ್ಡಿನಾಂಡೊನಿಗೆ ಅರ್ಪಿಸಿದ. ಅರಮನೆಯ ವೈದ್ಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಮಾಂಸದ ಜಾಡಿಗಳಿಗೆ ತೆಳುಬಟ್ಟೆ ಕಟ್ಟಿ, ಹುಳುಗಳು ಕೊಳೆತ ಮಾಂಸದಿಂದ ತಾವಾಗಿ ಹುಟ್ಟುವುದಿಲ್ಲ, ನೊಣದ ಮೊಟ್ಟೆಯಿಂದ ಹುಟ್ಟುತ್ತವೆ ಎಂದು ತೋರಿಸಿದ.

ಮಗನ ಓದು

ಊರೂರಿನ ವಿದ್ವಾಂಸರನ್ನು ಕರೆಸಿದ ದೊರೆಗೆ ತನ್ನ ಮಗನಿಗೆ ಬೇಕಾದ ಗುರುವನ್ನು ಇಡಲಾಗಲಿಲ್ಲ. ಅವನ ಜೀವನದ ದೊಡ್ಡ ಸೋಲು ಇದು.

ವಿಟ್ಟೋರಿಯಾಳೊಂದಿಗೆ ಅವನ ದಾಂಪತ್ಯ ಹಿತವಾಗಿರಲಿಲ್ಲ. ವರ್ಷಗಟ್ಟಲೆ ಇಬ್ಬರೂ ಮುಖ ತಿರುಗಿಸಿಕೊಂಡೇ ಇದ್ದರು. ಹಿರಿಯ ಮಗ ಕಾಸಿಮೊ ಹುಟ್ಟಿದ್ದು, ಗೆಲಿಲಿಯೊ ಸತ್ತ 1642ರಲ್ಲೇ. ಅವನಿಗೆ ಹೊಸ ವಿಜ್ಞಾನ ಕಲಿಸಬೇಕೆಂದು ತಂದೆಯ ಆಸೆ. ಸನ್ಯಾಸಿನಿಯರ ಮಠದಲ್ಲಿ ಬೆಳೆದ ತಾಯಿಗೆ ಅದು ಸುತರಾಂ ಬೇಡ, ಹಳೆಯ ರೀತಿಯ ಧರ್ಮಶಾಸ್ತ್ರವೇ ಆಗಬೇಕು. ಫರ್ಡಿನಾಂಡೊ ಎಂದಿನಂತೆ ಜಗಳ ಬೇಡವೆಂದು ಬಿಟ್ಟುಕೊಟ್ಟ. ಸಿಯೆನಾದ ಧರ್ಮಪಂಡಿತನೊಬ್ಬ ಹುಡುಗನ ಗುರುವಾದ. ಪಕ್ಕದ ಕೋಣೆಗಳಲ್ಲಿ ಟಾರಿಸೆಲ್ಲಿಯ ಕೊಳವೆಗಳೂ ಗೆಲಿಲಿಯೊನ ಗಾಜುಗಳೂ ಇದ್ದವು. ಹುಡುಗ ಅತ್ತ ಸುಳಿಯದೆ ಪೂಜೆ, ಯಾತ್ರೆ, ಸಂತರ ಕತೆಗಳಲ್ಲೇ ಬೆಳೆದ.

1670ರ ಮೇ ತಿಂಗಳಲ್ಲಿ, ಅರವತ್ತು ತುಂಬುವ ಮೊದಲೇ, ಫರ್ಡಿನಾಂಡೊ ತೀರಿಕೊಂಡ. ಪಟ್ಟಕ್ಕೆ ಬಂದ ಮೂರನೆಯ ಕಾಸಿಮೊ 53 ವರ್ಷ ಆಳಿದ. ಹಳೆಯ ಗೋವಾಕ್ಕೆ ಪ್ರವಾಸ ಹೋದವರು ಬಾಮ್ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಜೇವಿಯರನ ದೇಹವಿರುವ ಪೆಟ್ಟಿಗೆಯ ಕೆಳಗೆ ಅಮೃತಶಿಲೆಯ ಭವ್ಯ ಪೀಠ ನೋಡಿರುತ್ತಾರೆ. 1698ರಲ್ಲಿ ಅಲ್ಲಿ ನಿಲ್ಲಿಸಿದ ಆ ಪೀಠವನ್ನು ಫ್ಲಾರೆನ್ಸ್‌ನಲ್ಲಿ ಮಾಡಿಸಿ ಕಾಣಿಕೆಯಾಗಿ ಕಳಿಸಿದವನು ಈ ಕಾಸಿಮೊ. ಸಂತನ ತಲೆ ಒರಗಿದ್ದ ದಿಂಬೊಂದು ಅವನಿಗೆ ಬಂದಿತ್ತು, ಅದಕ್ಕೆ ಪ್ರತಿಯಾಗಿ ಈ ಕೊಡುಗೆ. ಅವನ ಭಕ್ತಿ ಕಪಟವಾಗಿರಲಿಲ್ಲ. ಆದರೆ ಅದೇ ಭಕ್ತಿಯಿಂದ 1691ರಲ್ಲಿ ಅವನು ಇನ್ನೊಂದು ಆಜ್ಞೆಯನ್ನೂ ಹೊರಡಿಸಿದ: ಪೀಸಾ ವಿಶ್ವವಿದ್ಯಾನಿಲಯದ ಯಾವ ಅಧ್ಯಾಪಕನೂ ಪರಮಾಣುಗಳ ವಿಚಾರವನ್ನು ತರಗತಿಯಲ್ಲಾಗಲಿ ಖಾಸಗಿಯಾಗಲಿ ಕಲಿಸಕೂಡದು. ಒಂದು ಕಾಲಕ್ಕೆ ಗೆಲಿಲಿಯೊ ಪಾಠ ಹೇಳಿದ ವಿಶ್ವವಿದ್ಯಾನಿಲಯ ಅದು.

ತಂದೆ ತನ್ನ ಕಾಲದಲ್ಲಿ ವಿಜ್ಞಾನಿಗಳಿಗೆ ಸಂಬಳ, ಸಲಕರಣೆ, ಸ್ನೇಹ ಎಲ್ಲವನ್ನೂ ಕೊಟ್ಟ. ಅವರು ನಿರ್ಭಯವಾಗಿ ಮಾತಾಡುವ ಹಕ್ಕನ್ನು ಮಾತ್ರ ಎಲ್ಲೂ ಊರಿ ನಿಲ್ಲಿಸಲಿಲ್ಲ. ಅಕಾಡೆಮಿಗೆ ನಿಯಮಾವಳಿ ಇರಲಿಲ್ಲ, ಗುರುವಿನ ಸಮಾಧಿಗೆ ಕಲ್ಲು ಇರಲಿಲ್ಲ, ಮಗನಿಗೆ ಪಾಠ ಇರಲಿಲ್ಲ. ದೊರೆಯ ಒಲವಿನ ಮೇಲೆ ನಿಂತದ್ದು ದೊರೆಯೊಡನೆ ಹೋಯಿತು.

ಉಳಿದ ಸಾಲವನ್ನು ತೀರಿಸಿದವರು ಬೇರೆ ಜನ. ಹದಿನೇಳರಲ್ಲಿ ಗೆಲಿಲಿಯೊನ ಮನೆ ಸೇರಿದ ವಿವಿಯಾನಿ ಗುರುವಿನ ಸಮಾಧಿಗೆಂದು ಜೀವಮಾನವೆಲ್ಲ ಹೋರಾಡಿ, ಅದಕ್ಕೆಂದೇ ತನ್ನ ಆಸ್ತಿ ಮೀಸಲಿಟ್ಟು 1703ರಲ್ಲಿ ತೀರಿಕೊಂಡ. 1737ರ ಮಾರ್ಚ್ 12ರಂದು, ಗೆಲಿಲಿಯೊ ಸತ್ತ 95 ವರ್ಷಗಳ ಬಳಿಕ, ಅವನ ಅಸ್ಥಿಗಳನ್ನು ಪುಟ್ಟ ಕೋಣೆಯಿಂದ ತೆಗೆದು ಸಾಂತಾ ಕ್ರೋಚೆಯ ಒಳಗೆ, ಮೈಕೆಲೆಂಜೆಲೊನ ಸಮಾಧಿಯ ಎದುರಿಗೆ ಇರಿಸಿದರು. ಆಗ ಪಟ್ಟದಲ್ಲಿದ್ದವನು ಫರ್ಡಿನಾಂಡೊನ ಮೊಮ್ಮಗ ಜಾನ್ ಗಸ್ಟೋನೆ, ಮೆಡಿಚಿ ದೊರೆಗಳಲ್ಲಿ ಕೊನೆಯವನು. ನಾಲ್ಕು ತಿಂಗಳಲ್ಲಿ ಅವನೂ ಮಕ್ಕಳಿಲ್ಲದೆ ತೀರಿಕೊಂಡ. ಮೊಮ್ಮಗಳು ಆನಾ ಮರಿಯಾ ಲೂಯಿಸಾ ಅದೇ ವರ್ಷ ಹೊಸ ದೊರೆಗಳೊಡನೆ ಕರಾರು ಮಾಡಿಕೊಂಡು, ಮನೆತನದ ಚಿತ್ರ, ಶಿಲ್ಪ, ಗ್ರಂಥಗಳಲ್ಲಿ ಯಾವುದನ್ನೂ ಫ್ಲಾರೆನ್ಸ್‌ನಿಂದ ಹೊರಗೆ ಒಯ್ಯಕೂಡದೆಂದು ಬರೆಸಿದಳು. ಅಜ್ಜ ಮಾಡದ ಕೆಲಸವನ್ನು ಆಕೆ ಮಾಡಿದಳು. ಇಷ್ಟದ ವಸ್ತುವನ್ನು ಕಾಗದದ ಮೇಲೆ, ಎಲ್ಲರ ಎದುರಿಗೆ, ಕಾಯ್ದಿಟ್ಟಳು.